ಸಂತೆಯ ನಿದ್ದೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಗಾದೆಮಾತು ವಿಸ್ತರಿಸಿ ಬರೆಯಲು ಮಕ್ಕಳಿಗೆ ಕೊಡುವಾಗ ನಾನು ಇದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬರೆಯುವುದೂ ಸಾಮಾನ್ಯವಾಗಿ ಒಂದೇ ಬಗೆ. ಚಿಂತೆ ಮಾಡಬಾರದು, ಚಿಂತೆಯಿಂದ ಆರೋಗ್ಯ ಕೆಡುತ್ತದೆ, ಆದುದರಿಂದ ನಾವೆಲ್ಲರೂ ಚಿಂತೆ ಬಿಟ್ಟು ಸುಖವಾಗಿರಬೇಕು. ಒಂದು ವರ್ಷ ಒಬ್ಬ ಹುಡುಗಿ ಮಾತ್ರ ಬೇರೆಯೇ ಒಂದು ಸಾಲು ಬರೆದಿದ್ದಳು: ಅವನು ಸಂತೆಯಲ್ಲಿ ಮಲಗಿದ್ದಾಗ ವ್ಯಾಪಾರವನ್ನು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಆ ಹುಡುಗಿಯ ತಾಯಿ ವಾರದ ಸಂತೆಯಲ್ಲಿ ಸೊಪ್ಪು ಮಾರುವವಳು. ಹುಡುಗಿ ತಾನು ಕಂಡದ್ದನ್ನು ಬರೆದಿದ್ದಳು, ಅಷ್ಟೆ.

ಆ ಸಾಲು ಓದಿದ ಮೇಲೆ ಗಾದೆಯ ವ್ಯಾಕರಣ ನನ್ನ ಕಣ್ಣಿಗೆ ಬಿತ್ತು. ಮಲಗಿರುವವನು ಪುಲ್ಲಿಂಗ. ಅದನ್ನು ಸ್ತ್ರೀಲಿಂಗಕ್ಕೆ ತಿರುಗಿಸಿ ನೋಡಿ. ‘ಚಿಂತೆ ಇಲ್ಲದವಳಿಗೆ ಸಂತೆಯಲ್ಲೂ ನಿದ್ದೆ.’ ಹೊಗಳಿಕೆ ಹೋಗಿ ಬೈಗುಳವಾಯಿತಲ್ಲವೇ? ಗಂಡಸಿಗೆ ಚಿಂತೆಯಿಲ್ಲವೆಂದರೆ ಅವನು ಪುಣ್ಯವಂತ. ಹೆಂಗಸಿಗೆ ಚಿಂತೆಯಿಲ್ಲವೆಂದರೆ ಅವಳಿಗೆ ಮನೆಮಠದ ಜವಾಬ್ದಾರಿಯಿಲ್ಲ. ‘ನಿನಗೇನಮ್ಮ, ಒಂದು ಚಿಂತೆಯೇ ಒಂದು ಯೋಚನೆಯೇ’ ಎಂದು ನಮ್ಮ ನಮ್ಮಲ್ಲೇ ಹೇಳಿಕೊಳ್ಳುವಾಗ ಅದರಲ್ಲಿ ಅಭಿನಂದನೆ ಎಷ್ಟಿರುತ್ತದೆ, ಚುಚ್ಚು ಎಷ್ಟಿರುತ್ತದೆ ಎಂಬುದು ಹೇಳಿದವಳಿಗೂ ಗೊತ್ತು, ಕೇಳಿದವಳಿಗೂ ಗೊತ್ತು.

ಇಲ್ಲಿಂದಲೇ ನನ್ನ ಪ್ರಶ್ನೆ ಹುಟ್ಟುತ್ತದೆ. ಚಿಂತೆ ಮಾಡುವುದು ಒಳ್ಳೆಯ ಹೆಂಗಸಿನ ಕರ್ತವ್ಯವೇ? ಹಾಗಿದ್ದರೆ ಚಿಂತೆಯೇ ಕಾಯಿಲೆಯಾಗಿ, ವರ್ಷಗಟ್ಟಲೆ ನಿದ್ದೆಯಿಲ್ಲದೆ ಬಳಲುವವಳು ಡಾಕ್ಟರ ಬಳಿ ಹೋಗಿ ‘ಇದನ್ನು ತೆಗೆದುಹಾಕಿ’ ಎಂದು ಕೇಳಿದರೆ ಅವಳು ಕರ್ತವ್ಯದಿಂದ ತಪ್ಪಿಸಿಕೊಂಡಂತೆಯೇ? ಇದು ವೈದ್ಯಕೀಯದ ಪ್ರಶ್ನೆಯಂತೆ ಕಂಡರೂ ನಿಜವಾಗಿ ಧರ್ಮದ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಎಷ್ಟೋ ಹೆಂಗಸರು ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹಿಂತಿರುಗುತ್ತಾರೆ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಯೋಚನೆ, ಕಾಳಜಿ, ಚಿಂತೆ, ಆತಂಕ ಎಂದು ಬೇರೆ ಬೇರೆ ಮಾತುಗಳಿವೆ. ಬಳಸುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕುತ್ತೇವೆ. ಮಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಾಗ ಬುತ್ತಿ ಕಟ್ಟಿಕೊಡುವುದು, ಶಾಲು ಇಟ್ಟೆಯಾ ಎಂದು ಕೇಳುವುದು, ಇಳಿದ ಕೂಡಲೇ ಫೋನ್ ಮಾಡು ಎನ್ನುವುದು ಕಾಳಜಿ. ಕಾಳಜಿಗೆ ಕೈಕಾಲುಗಳಿವೆ. ಅದು ಒಂದು ಕೆಲಸ ಮಾಡಿ ಮುಗಿಸಿ ಕೂರುತ್ತದೆ. ಬಸ್ಸು ಹೊರಟ ಮೇಲೆ, ಮಾಡುವುದು ಏನೂ ಉಳಿದಿಲ್ಲದಾಗ, ಎದೆಯಲ್ಲಿ ಕುಟ್ಟತೊಡಗುವುದು ಚಿಂತೆ. ಮಗಳು ತಲುಪಿ ಫೋನ್ ಮಾಡಿದ ಮೇಲೂ ಆ ಕುಟ್ಟುವಿಕೆ ನಿಲ್ಲದೆ, ಒಂದು ಕಾರಣ ಮುಗಿದ ಕೂಡಲೇ ಇನ್ನೊಂದನ್ನು ಹುಡುಕಿಕೊಂಡು ಹೋದರೆ ಅದು ಆತಂಕದ ಕಾಯಿಲೆ. ಕಾಯಿಲೆಗೆ ಕಾರಣ ಬೇಕಾಗಿಲ್ಲ. ಕಾರಣಗಳನ್ನು ಅದೇ ಹುಡುಕಿಕೊಳ್ಳುತ್ತದೆ.

ವೈದ್ಯರು ಇದಕ್ಕೆ ಅಳತೆಗೋಲು ಇಟ್ಟುಕೊಂಡಿದ್ದಾರೆ. ಆರು ತಿಂಗಳಿಗೂ ಹೆಚ್ಚು ಕಾಲ, ಬಹುಪಾಲು ದಿನಗಳಲ್ಲಿ, ಹತೋಟಿಗೆ ಸಿಗದ ಚಿಂತೆ. ಅದರ ಜೊತೆಗೆ ಬೇಗ ಸುಸ್ತು, ಸಿಡಿಮಿಡಿ, ಸ್ನಾಯುಗಳ ಬಿಗಿತ, ಮನಸ್ಸು ಒಂದು ಕಡೆ ನಿಲ್ಲದಿರುವುದು, ನಿದ್ದೆಗೇಡು. ಹಾಗೆಯೇ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಅದು ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಆತಂಕದ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಈ ಅಳತೆಗೋಲನ್ನು ನೋಡಿದಾಗ ನಮ್ಮ ಬೀದಿಯ ಎಷ್ಟು ಮನೆಗಳಲ್ಲಿ ‘ಅವಳ ಸ್ವಭಾವವೇ ಹಾಗೆ’ ಎಂಬ ಹೆಸರಿನಲ್ಲಿ ಒಂದು ಕಾಯಿಲೆ ಬಾಳುತ್ತಿದೆಯೋ ಎನ್ನಿಸುತ್ತದೆ.

ನನ್ನ ಅನುಭವವನ್ನು ಇಲ್ಲಿ ಹೇಳದಿದ್ದರೆ ಬರೀ ಉಪದೇಶವಾದೀತು. ಹನ್ನೊಂದು ವರ್ಷ ನಾನು ರಾತ್ರಿ ಮೂರು ಗಂಟೆಯನ್ನು ಕಂಡವಳು. ಹತ್ತಕ್ಕೆ ಮಲಗಿದರೆ ಹನ್ನೆರಡರವರೆಗೆ ಹೊರಳಾಟ. ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಮೂರಕ್ಕೆ ಎಚ್ಚರ. ಎದೆ ಓಡಿಬಂದವಳಂತೆ ಹೊಡೆದುಕೊಳ್ಳುತ್ತಿತ್ತು. ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ. ಗ್ಯಾಸ್ ಆರಿಸಿದೆನೇ, ಹಿಂಬಾಗಿಲ ಚಿಲಕ ಹಾಕಿದೆನೇ, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಅಂಕ ಕೂಡಿದ್ದು ಸರಿಯೇ, ಅತ್ತೆಯವರ ಬಿಪಿ ಮಾತ್ರೆ ನಾಳೆಗೆ ಇದೆಯೇ. ಎದ್ದು ಹೋಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಸರಿಯಾಗಿದೆ ಎಂದು ಗೊತ್ತಾದ ಮೇಲೂ ಎದೆಗೆ ಅದು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ನಿಂತಾಗ ಕಣ್ಣಲ್ಲಿ ಮರಳು ಹಾಕಿದಂತೆ ಉರಿ.

ಇಸಿಜಿ ಆಯಿತು, ಥೈರಾಯ್ಡ್ ಆಯಿತು, ರಕ್ತ ಪರೀಕ್ಷೆಯಾಯಿತು. ಇವನ್ನೆಲ್ಲ ಮಾಡಿಸುವುದು ಸರಿಯೇ. ಥೈರಾಯ್ಡ್ ಏರುಪೇರಾದರೂ ಎದೆ ಹೊಡೆದುಕೊಳ್ಳುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಾತ್ರಿ ಮೈ ಬಿಸಿಯೇರಿ ನಿದ್ದೆ ಹಾರುತ್ತದೆ. ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವ ತೊಂದರೆ ಇದ್ದರೂ ನಿದ್ದೆ ತುಂಡಾಗುತ್ತದೆ. ನನ್ನ ಎಲ್ಲ ರಿಪೋರ್ಟುಗಳೂ ಸರಿಯಾಗಿದ್ದವು. ‘ಏನೂ ಇಲ್ಲ ಮೇಡಂ, ಸ್ವಲ್ಪ ಟೆನ್ಷನ್ ಅಷ್ಟೆ’ ಎಂದರು ಡಾಕ್ಟರು. ಸಮಾಧಾನಕ್ಕಾಗಿ ಹೇಳಿದ ಮಾತು ಅದು. ಆದರೆ ‘ಏನೂ ಇಲ್ಲ’ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಏನೂ ಇಲ್ಲದಿದ್ದರೆ ಈಕೆ ನರಳುತ್ತಿರುವುದು ಯಾತಕ್ಕೆ ಎಂಬ ಪ್ರಶ್ನೆ ಮನೆಯವರ ಕಣ್ಣಿನಲ್ಲಿ ಮೂಡುತ್ತದೆ. ಕಾಯಿಲೆಯವಳು ಒಂದು ಗಳಿಗೆಯಲ್ಲಿ ನಾಟಕದವಳಾಗಿಬಿಡುತ್ತಾಳೆ.

ಆಮೇಲೆ ಬರುವುದು ಬುದ್ಧಿಮಾತು. ‘ಚಿಂತೆ ಬಿಡು.’ ಚಿಂತೆಗೂ ಚಿತೆಗೂ ಇರುವುದು ಒಂದೇ ಸೊನ್ನೆಯ ವ್ಯತ್ಯಾಸ, ಒಂದು ಸತ್ತವರನ್ನು ಸುಡುತ್ತದೆ, ಇನ್ನೊಂದು ಬದುಕಿದ್ದವರನ್ನು ಸುಡುತ್ತದೆ ಎಂಬ ಹಳೆಯ ಮಾತನ್ನು ನನಗೆ ಹೇಳದ ನೆಂಟರಿಲ್ಲ. ಕನ್ನಡ ಪಾಠ ಮಾಡುವವಳಿಗೆ ಅನುಸ್ವಾರದ ಪಾಠ! ಮಾತು ನಿಜವೇ. ಆದರೆ ಸುಡುತ್ತಿರುವವಳಿಗೆ ‘ಬೆಂಕಿ ಸುಡುತ್ತದೆ’ ಎಂದು ತಿಳಿಸಿ ಏನು ಉಪಕಾರವಾಯಿತು? ‘ಬಿಡು’ ಎಂಬ ಕ್ರಿಯಾಪದವನ್ನೂ ಸ್ವಲ್ಪ ನೋಡಿ. ಹಿಡಿದುಕೊಂಡವರಿಗೆ ಮಾತ್ರ ಬಿಡು ಎನ್ನಬಹುದು. ಚಿಂತೆಯನ್ನು ನಾನು ಹಿಡಿದಿದ್ದೇನೆ, ಬೇಕೆಂದೇ ಹಿಡಿದಿದ್ದೇನೆ ಎಂದು ಆ ಒಂದು ಮಾತು ಮೊದಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ. ಅದು ನನ್ನನ್ನು ಹಿಡಿದಿದ್ದರೆ?

ತರಗತಿಯಲ್ಲಿ ಒಬ್ಬ ಹುಡುಗ ಬೋರ್ಡಿನ ಮೇಲಿನ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡಿದರೆ ನಾವು ‘ಮನಸ್ಸಿಟ್ಟು ನೋಡು, ಕಾಣುತ್ತದೆ’ ಎನ್ನುವುದಿಲ್ಲ. ಮುಂದಿನ ಬೆಂಚಿಗೆ ಕೂರಿಸಿ, ಕನ್ನಡಕ ಕೊಡಿಸಿ ಎಂದು ತಂದೆತಾಯಿಗೆ ಚೀಟಿ ಬರೆಯುತ್ತೇವೆ. ಕನ್ನಡಕ ಹಾಕಿದ ಮಗುವಿಗೆ ಮನೋಬಲ ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದ ಆಕ್ಷೇಪವಲ್ಲ. ಕನ್ನಡಕ ಮೂಗಿನ ಮೇಲೆ ಕೂರುತ್ತದೆ, ಮಾತ್ರೆ ಮನಸ್ಸಿನೊಳಕ್ಕೆ ಹೋಗುತ್ತದೆ. ಮನಸ್ಸೇ ಬದಲಾದರೆ ನಾನು ನಾನಾಗಿ ಉಳಿಯುತ್ತೇನೆಯೇ? ಮಕ್ಕಳ ಮೇಲಿನ ಅಕ್ಕರೆ, ಕೆಲಸದ ಮೇಲಿನ ಶ್ರದ್ಧೆ, ಇವೆಲ್ಲ ಆ ಚಿಂತೆಯ ಬೇರಿನಿಂದಲೇ ಬಂದಿದ್ದರೆ? ಬೇರು ಕಿತ್ತರೆ ಗಿಡವೂ ಬಾಡೀತಲ್ಲ?

ಈ ಭಯ ನನಗೂ ಇತ್ತು. ಅದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಸಿಗಲಿಲ್ಲ, ಚಿಕಿತ್ಸೆಯಲ್ಲಿ ಸಿಕ್ಕಿತು. ನಾಲ್ಕಾರು ತಿಂಗಳಾದ ಮೇಲೆ ನೋಡಿಕೊಂಡರೆ ಮಗಳ ಮೇಲಿನ ಅಕ್ಕರೆ ಇದ್ದಲ್ಲೇ ಇತ್ತು. ಪಾಠದ ಟಿಪ್ಪಣಿ ಮೊದಲಿನಂತೆಯೇ ಬರೆಯುತ್ತಿದ್ದೆ. ಹೋದದ್ದು ಎದೆಯ ಹೊಡೆತ ಮಾತ್ರ. ಅದರ ಜೊತೆಗೆ, ನಾನು ಕೇಳದಿದ್ದರೂ ಕೆಲವು ವಸ್ತುಗಳು ಹಿಂತಿರುಗಿ ಬಂದವು. ಅಡುಗೆಮನೆಯಲ್ಲಿ ರೇಡಿಯೋ ಹಾಡಿಗೆ ಗುನುಗುವುದು, ಊಟದ ರುಚಿ, ಸ್ಟಾಫ್ ರೂಮಿನ ಹಾಸ್ಯಕ್ಕೆ ನಗು. ಆಗ ಅನಿಸಿತು, ಸ್ವಭಾವವೆಂದು ಎಲ್ಲರೂ ಕರೆದದ್ದು ಸ್ವಭಾವದ ಮೇಲೆ ಕುಳಿತಿದ್ದ ಧೂಳು. ಗಿಡದ ಬೇರು ಬೇರೆ, ಗಿಡಕ್ಕೆ ಹತ್ತಿದ ಹುಳು ಬೇರೆ.

ಅರ್ಜುನನ ಕಥೆಯನ್ನು ಈ ದೃಷ್ಟಿಯಿಂದ ಓದಿದರೆ ಚೆನ್ನಾಗಿ ಅರ್ಥವಾಗುತ್ತದೆ. ಗೀತೆಯ ಮೊದಲ ಅಧ್ಯಾಯದಲ್ಲಿ ಅವನಿಗೆ ಆದದ್ದೇನು? ಕೈಕಾಲು ಸೋತುಹೋಗುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ತಲೆ ಸುತ್ತುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಕೃಷ್ಣ ಕೂಡ ಮೊದಲು ಹೇಳುವುದು ನಮ್ಮ ನೆಂಟರು ಹೇಳುವುದನ್ನೇ: ಇದು ನಿನಗೆ ತಕ್ಕದ್ದಲ್ಲ, ಎದ್ದೇಳು. ಆ ಎರಡು ಮಾತಿನಿಂದ ಅರ್ಜುನ ಏಳಲಿಲ್ಲ. ನನಗೆ ದಿಕ್ಕು ತೋಚದು, ನಿನ್ನ ಶಿಷ್ಯ, ಹೇಳಿಕೊಡು ಎಂದು ಕೇಳಿದ. ಆಮೇಲೆ ಹದಿನೆಂಟನೆಯ ಅಧ್ಯಾಯದವರೆಗೂ ಮಾತುಕತೆ ನಡೆಯಿತು. ಬಿಲ್ಲುಗಾರರಲ್ಲಿ ಮೊದಲಿಗನಾದವನು ಸಹಾಯ ಕೇಳಿದ್ದನ್ನು ಯಾರೂ ಹೇಡಿತನವೆನ್ನಲಿಲ್ಲ. ಅದೇ ಗೀತೆಯ ಆರನೆಯ ಅಧ್ಯಾಯದಲ್ಲಿ, ಅತಿಯಾಗಿ ನಿದ್ರಿಸುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗ ಸಿದ್ಧಿಸದು ಎಂಬ ಮಾತು ಬರುತ್ತದೆ. ಚರಕನಂತೂ ಶರೀರವನ್ನು ಹೊತ್ತು ನಿಲ್ಲುವ ಮೂರು ಆಧಾರಗಳಲ್ಲಿ ಆಹಾರದ ಪಕ್ಕದಲ್ಲೇ ನಿದ್ದೆಯನ್ನು ಇಟ್ಟಿದ್ದಾನೆ. ನಿದ್ದೆಗೆಡುವುದು ತ್ಯಾಗ ಎಂದು ನಮಗೆ ಕಲಿಸಿದವರು ಶಾಸ್ತ್ರಕಾರರಲ್ಲ, ನಾವೇ.

ಇನ್ನು ಚಿಕಿತ್ಸೆ ಎಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮಗೆ ತಿಳಿಯದ್ದರ ಬಗ್ಗೆಯೇ ನಮಗೆ ಹೆಚ್ಚು ಭಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಎಷ್ಟು ಗಂಟೆಗೆ ಮಲಗುತ್ತೀರಿ, ಎಷ್ಟು ಸಲ ಏಳುತ್ತೀರಿ, ಕಾಫಿ ಎಷ್ಟು ಲೋಟ, ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಸಾಯಬೇಕು ಎಂದು ಯಾವತ್ತಾದರೂ ಅನ್ನಿಸಿದೆಯೇ. ಅಷ್ಟು ಪ್ರಶ್ನೆಗಳನ್ನು ನನ್ನ ಆಯುಸ್ಸಿನಲ್ಲಿ ನನ್ನ ಬಗ್ಗೆ ಯಾರೂ ಕೇಳಿರಲಿಲ್ಲ. ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಒಂದು ಮಾತ್ರೆ ಬರೆದುಕೊಟ್ಟರು. ಇದು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಗುಣವಾಯಿತೆಂದು ನೀವೇ ನಿಲ್ಲಿಸಬಾರದು ಎಂದರು. ಹೇಳಿದಂತೆಯೇ ಆಯಿತು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ಕೊನೆಗೆ ಅವರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು.

ನಿದ್ದೆ ಮಾತ್ರೆ ಬೇಕೆಂದು ಕೇಳಿದ್ದಕ್ಕೆ ಮಾತ್ರ ಅವರು ತಲೆಯಾಡಿಸಿದರು. ಡಯಾಜೆಪಾಮ್, ಆಲ್‌ಪ್ರಜೋಲಾಮ್ ಜಾತಿಯ ಮಾತ್ರೆಗಳು ಆ ರಾತ್ರಿ ನಿದ್ದೆ ತರುತ್ತವೆ, ನಿಜ. ಆದರೆ ಕೆಲವೇ ವಾರಗಳಲ್ಲಿ ಮೈ ಅವಕ್ಕೆ ಒಗ್ಗಿಕೊಂಡು, ಇಲ್ಲದಿದ್ದರೆ ನಿದ್ದೆಯೇ ಬಾರದ ಸ್ಥಿತಿ ಬರುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ತೂಗಾಡಿ ಬೀಳುವುದೂ ಉಂಟು. ಆಲ್‌ಪ್ರಜೋಲಾಮನ್ನು 2014ರಿಂದ ಎಚ್1 ಎಂಬ ಪಟ್ಟಿಗೆ ಸೇರಿಸಿ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ನಿಯಮ ಮಾಡಿದ್ದಾರೆ. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಗಾಬರಿಯಿಂದ ಒಂದೇ ದಿನ ನಿಲ್ಲಿಸಬಾರದು, ಅದೂ ಅಪಾಯವೇ. ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಮಾತ್ರೆಗಿಂತ ನನಗೆ ಆಶ್ಚರ್ಯ ತಂದದ್ದು ಮಾತ್ರೆಯಿಲ್ಲದ ಚಿಕಿತ್ಸೆ. 2016ರಲ್ಲಿ ಅಮೆರಿಕದ ವೈದ್ಯರ ಸಂಸ್ಥೆಯೊಂದು ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಇದೇ ಎಂದು ಸಲಹೆ ಮಾಡಿತು. ನಿದ್ದೆ ಬಾರದಿದ್ದರೆ ಹೆಚ್ಚು ಹೊತ್ತು ಮಲಗಬೇಕು ಎಂದು ನಾವು ಎಣಿಸುತ್ತೇವೆ. ಇಲ್ಲಿ ಲೆಕ್ಕ ತಿರುವುಮುರುವು. ಎರಡು ವಾರ ನಿದ್ದೆಯ ಲೆಕ್ಕ ಬರೆಸಿದರು. ಏಳು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ನಿದ್ದೆ ಮಾಡುತ್ತಿದ್ದೀರಿ, ಹಾಗಾದರೆ ಇನ್ನು ಮೇಲೆ ಹಾಸಿಗೆಯಲ್ಲಿರುವುದೂ ಐದೂವರೆ ಗಂಟೆಯೇ, ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳಿ ಎಂದರು. ನಿದ್ದೆ ಗಟ್ಟಿಯಾದಂತೆ ವಾರಕ್ಕೆ ಕಾಲು ಗಂಟೆ ಹೆಚ್ಚಿಸಿದರು. ಹಗಲು ಮಲಗುವಂತಿಲ್ಲ. ಎಚ್ಚರವಾಗಿ ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಾರದಿದ್ದರೆ ಎದ್ದು ಇನ್ನೊಂದು ಕೋಣೆಯಲ್ಲಿ ಕೂರಬೇಕು, ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಬರಬೇಕು. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಹೇಳಿದ ಉಪಾಯವಿದು. ಹಾಸಿಗೆ ಕಂಡರೆ ಮೈಗೆ ಹೊರಳಾಟ ನೆನಪಾಗಬಾರದು, ನಿದ್ದೆ ನೆನಪಾಗಬೇಕು. ಗೋಡೆ ಗಡಿಯಾರವನ್ನು ಹಜಾರಕ್ಕೆ ಸಾಗಿಸಿದ್ದಾಯಿತು. ಸಂಜೆ ಐದರ ಕಾಫಿ ಬಿಟ್ಟದ್ದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಐದಕ್ಕೆ ಕುಡಿದ ಕಾಫಿಯ ಸತ್ವದಲ್ಲಿ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ ಎಂದು ತಿಳಿದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ.

ಇನ್ನೊಂದು ಉಪಾಯ ನನ್ನ ವೃತ್ತಿಗೆ ಒಪ್ಪುವಂಥದ್ದು. ಚಿಂತೆಗೆ ಟೈಮ್‌ಟೇಬಲ್ಲಿನಲ್ಲಿ ಒಂದು ಪೀರಿಯಡ್! ದಿನವೂ ಸಂಜೆ ಆರರಿಂದ ಆರೂವರೆಯವರೆಗೆ ಒಂದು ನೋಟುಬುಕ್ಕು ಹಿಡಿದು ಕೂತು ಚಿಂತೆ ಮಾಡಬೇಕು. ಹಾಳೆಯ ನಡುವೆ ಗೆರೆ ಎಳೆದು, ನನ್ನ ಕೈಯಲ್ಲಿ ಆಗುವುದನ್ನು ಎಡಕ್ಕೆ, ಆಗದ್ದನ್ನು ಬಲಕ್ಕೆ ಬರೆಯಬೇಕು. ಎಡಗಡೆಯದಕ್ಕೆ ನಾಳೆ ಮಾಡುವ ಒಂದು ಕೆಲಸವನ್ನು ಬರೆದರೆ ಅದು ಕಾಳಜಿಯಾಗುತ್ತದೆ. ಬಲಗಡೆಯದು ಸುಮ್ಮನೆ ಹಾಳೆಯ ಮೇಲೆ ಇರುತ್ತದೆ. ರಾತ್ರಿ ಮೂರಕ್ಕೆ ಅದು ಬಂದು ಬಾಗಿಲು ತಟ್ಟಿದರೆ ‘ನಿನ್ನ ಪೀರಿಯಡ್ಡು ಸಂಜೆ ಆರಕ್ಕೆ, ಆಗ ಬಾ’ ಎಂದು ಕಳಿಸಬೇಕು. ಮೊದಮೊದಲು ತುಂಟ ಹುಡುಗರಂತೆ ಹೋಗುತ್ತಿರಲಿಲ್ಲ. ಕ್ರಮೇಣ ಕಲಿತವು.

ಇಷ್ಟೆಲ್ಲ ಆದ ಮೇಲೆ ಒಂದು ಹೊಸ ಸಂಗತಿ ಮನೆಯಲ್ಲಿ ಎದ್ದಿತು. ನಾನು ನಿದ್ದೆ ಮಾಡತೊಡಗಿದೆ, ಚಿಲಕ ನೋಡುವವರು ಯಾರು? ಒಂದು ರಾತ್ರಿ ನಮ್ಮ ಮನೆಯವರು ಕತ್ತಲೆಯಲ್ಲಿ ಎದ್ದು ಕೂತು ‘ಗ್ಯಾಸ್ ಆರಿಸಿದ್ದೀಯೇನೇ?’ ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ಅವರಿಗೆ ಆ ಪ್ರಶ್ನೆ ಬಂದಿರಲೇ ಇಲ್ಲ. ‘ಹೋಗಿ ನೋಡಿ ಬನ್ನಿ’ ಎಂದು ಮಗ್ಗುಲು ಬದಲಿಸಿದೆ. ಅವರು ಎದ್ದು ಹೋದ ಸದ್ದು ಕೇಳಿತು. ವಾಪಸು ಬಂದದ್ದು ಕೇಳಲಿಲ್ಲ.

ಆಂಧ್ರದ ಹೆಣ್ಣುಮಕ್ಕಳ ಹಾಡುಗಳಲ್ಲಿ ಊರ್ಮಿಳೆಯ ನಿದ್ದೆಯ ಕಥೆಯೊಂದಿದೆ. ವಾಲ್ಮೀಕಿಯಲ್ಲಿ ಅದು ಇಲ್ಲ. ಕಾಡಿನಲ್ಲಿ ಅಣ್ಣ ಅತ್ತಿಗೆಯರನ್ನು ಕಾಯುತ್ತ ಲಕ್ಷ್ಮಣ ಹದಿನಾಲ್ಕು ವರ್ಷ ಕಣ್ಣು ಮುಚ್ಚಲಿಲ್ಲ, ಅವನ ಪಾಲಿನ ನಿದ್ದೆಯನ್ನೂ ಸೇರಿಸಿ ಊರ್ಮಿಳೆ ಅಯೋಧ್ಯೆಯಲ್ಲಿ ಮಲಗಿದ್ದಳು ಎಂದು ಹಾಡುತ್ತಾರೆ. ಎಂಥ ಸೂಕ್ಷ್ಮ ಕಲ್ಪನೆ! ಸಂಸಾರದಲ್ಲಿ ನಿದ್ದೆಗೆ ಒಂದು ಲೆಕ್ಕವಿದೆ, ಒಬ್ಬರು ಎಚ್ಚರವಿದ್ದದ್ದು ಇನ್ನೊಬ್ಬರ ನಿದ್ದೆಯ ಖಾತೆಗೆ ಹೋಗುತ್ತದೆ ಎಂಬುದನ್ನು ಆ ಹೆಂಗಸರು ಕಂಡುಕೊಂಡಿದ್ದರು. ನಮ್ಮ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಮನೆಯೊಡತಿ ಎಚ್ಚರವಿದ್ದಾಳೆ ಎಂಬ ಭರವಸೆಯ ಮೇಲೆ ಉಳಿದವರೆಲ್ಲ ಮಲಗಿರುತ್ತಾರೆ. ಅವಳ ನಿದ್ದೆಗೇಡು ಸಂಬಳವಿಲ್ಲದ ಕಾವಲು. ಆದುದರಿಂದಲೇ ಅದನ್ನು ಕಾಯಿಲೆ ಎನ್ನಲು ಯಾರಿಗೂ ಆತುರವಿಲ್ಲ. ಚಿಕಿತ್ಸೆ ಪಡೆಯುವುದೆಂದರೆ ಆ ಕಾವಲನ್ನು ಪಾಲು ಮಾಡಿ ಎಂದು ಕೇಳಿದಂತೆ. ಕರ್ತವ್ಯ ಬಿಡುವ ಮಾತಲ್ಲ ಇದು, ಹಂಚಿಕೊಳ್ಳುವ ಮಾತು.

ಈಗ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪಕ್ಕೆ ಬರುತ್ತೇನೆ. ನನಗೆ ಗೊತ್ತಿರುವ ಒಬ್ಬಾಕೆಯ ಗಂಡ ಕುಡಿಯುತ್ತಾನೆ. ರಾತ್ರಿ ಹನ್ನೊಂದಕ್ಕೆ ಗೇಟಿನ ಸದ್ದಾದರೆ ಅವಳ ಜೀವ ಬಾಯಿಗೆ ಬರುತ್ತದೆ. ಅವಳ ಆತಂಕ ಕಾಯಿಲೆಯೇ? ಗೇಟಿನಾಚೆ ನಿಜವಾಗಿಯೂ ಅಪಾಯ ನಿಂತಿದೆ. ಅವಳಿಗೆ ಮಾತ್ರೆ ಕೊಟ್ಟು ಮಲಗಿಸಿದರೆ ಅನ್ಯಾಯಕ್ಕೆ ಜೋಗುಳ ಹಾಡಿದಂತಾಗುವುದಿಲ್ಲವೇ? ಹೀಗೆ ಆಗಿರುವುದೂ ಉಂಟು. 1963ರಲ್ಲಿ ಮಾರುಕಟ್ಟೆಗೆ ಬಂದ ವೇಲಿಯಂ, ಅಂದರೆ ಡಯಾಜೆಪಾಮ್, 1970ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚಾಗಿ ಬರೆದುಕೊಡುತ್ತಿದ್ದ ಔಷಧಿಯಾಗಿತ್ತು. ನುಂಗುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅವರ ಮನೆಯ ದುಃಖವನ್ನು ಕೇಳುವುದಕ್ಕಿಂತ ಚೀಟಿ ಬರೆಯುವುದು ಸುಲಭವಾಗಿತ್ತು.

ಹಾಗೆಂದು ಆಕೆಗೆ ‘ನಿನ್ನ ಗಂಡ ಸರಿಹೋಗುವವರೆಗೆ ಎಚ್ಚರವಿರು’ ಎನ್ನುವ ಅಧಿಕಾರ ನಮಗಿದೆಯೇ? ನ್ಯಾಯ ಸಿಕ್ಕ ಮೇಲೆಯೇ ನಿದ್ದೆ ಎಂದರೆ ಅದೂ ಒಂದು ಕ್ರೌರ್ಯ. ನನಗೆ ತೋರುವುದು ಇಷ್ಟು. ಚಿಕಿತ್ಸೆ ನ್ಯಾಯದ ಜಾಗದಲ್ಲಿ ಕೂರಬಾರದು, ನ್ಯಾಯದ ದಾರಿಗೆ ಶಕ್ತಿ ಕೊಡಬೇಕು. ವಾರಗಟ್ಟಲೆ ನಿದ್ದೆಯಿಲ್ಲದವಳಿಗೆ ತವರಿಗೆ ಫೋನ್ ಮಾಡುವ ನಿರ್ಧಾರವೂ ಬೆಟ್ಟವಾಗುತ್ತದೆ. ನಾಲ್ಕು ರಾತ್ರಿ ಮಲಗಿ ಎದ್ದವಳು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ತನಗೇನಿದೆ ಎಂದು ವಿಚಾರಿಸಬಲ್ಲಳು. ‘ಮನೆಯಲ್ಲಿ ಹೊಡೆತ ಇದೆಯೇ’ ಎಂದು ಕೇಳದೆ ಮಾತ್ರೆ ಬರೆಯುವ ಡಾಕ್ಟರು ಅರ್ಧ ಡಾಕ್ಟರು. ಆದರೆ ಕೇಳಿ, ಆಮೇಲೆ ಮಾತ್ರೆಯನ್ನೂ ಬರೆದರೆ ಅದರಲ್ಲಿ ಅಧರ್ಮವಿಲ್ಲ.

ಉಳಿದದ್ದು ನಾಚಿಕೆ. ಈ ನಾಚಿಕೆಗೆ ಒಂದು ಚರಿತ್ರೆಯಿದೆ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದವು ಹುಚ್ಚರನ್ನು ಇಡುವ ಮನೆಗಳು. ಬೆಂಗಳೂರಿನದಕ್ಕೆ ಆಸ್ಪತ್ರೆ ಎಂಬ ಹೆಸರು ಬಂದದ್ದು 1925ರಲ್ಲಿ, ಅದು ಬೆಳೆದು ನಿಮ್ಹಾನ್ಸ್ ಆದದ್ದು 1974ರಲ್ಲಿ. ಗೋಡೆಗಳು ಬದಲಾದರೂ ಬೈಗುಳ ಬದಲಾಗಲಿಲ್ಲ. ಉತ್ತರದ ಕಡೆ ‘ಧಾರವಾಡಕ್ಕೆ ಕಳಿಸಬೇಕು’ ಎನ್ನುತ್ತಾರೆ, ನಮ್ಮ ಕಡೆ ‘ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುತ್ತಾರೆ. ಇದಕ್ಕೆ ಎದುರಾಗಿ ಕೆಲಸ ಮಾಡಿದವರೂ ನಮ್ಮಲ್ಲೇ ಇದ್ದಾರೆ. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನು ನಗಿಸಿದ ರಾಶಿ, ಎಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳಿಗೂ ತಲುಪಿದವು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮಂಥ ಊರುಗಳಲ್ಲಿ ಇದಕ್ಕಿರುವ ದೊಡ್ಡ ಕಾರಣ ನಿಮಗೆಲ್ಲ ಗೊತ್ತು. ‘ಮಗಳ ಮದುವೆಗೆ ತೊಂದರೆಯಾದೀತು.’ ಈ ಭಯವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನೋಡುವ ಜನ ಇರುವುದು ನಿಜ, ಆಡುವ ಬಾಯಿ ಇರುವುದೂ ನಿಜ. ಆದರೆ 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ವಿಚಾರವನ್ನು ಗುಟ್ಟಾಗಿಡುವುದನ್ನು ಅವಳ ಹಕ್ಕಾಗಿಸಿದೆ. ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಆಸ್ಪತ್ರೆಗೆ ಹೋಗಲು ಧೈರ್ಯ ಬಾರದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಾಗಿಲ್ಲ.

ಮಗಳ ಮದುವೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ರಾತ್ರಿಯೆಲ್ಲ ಎಚ್ಚರವಿರುವ ತಾಯಿಯನ್ನು ನೋಡುತ್ತ ಬೆಳೆದ ಮಗಳು ಕಲಿಯುವುದೇನು? ಪ್ರೀತಿಸುವವರು ನಿದ್ದೆ ಮಾಡುವುದಿಲ್ಲ ಎಂದು ಕಲಿಯುತ್ತಾಳೆ. ನಾಳೆ ಅವಳ ಮನೆಯಲ್ಲಿ ಅವಳೂ ಮೂರು ಗಂಟೆಯನ್ನು ಕಾಣುತ್ತಾಳೆ. ಚಿನ್ನ, ಸೀರೆ, ಪಾತ್ರೆಗಳ ಜೊತೆಗೆ ಇದನ್ನೂ ಕಟ್ಟಿ ಕಳಿಸಬೇಕೇ? ನಾವು ಎಷ್ಟು ರಾತ್ರಿ ಕಣ್ಣು ತೆರೆದಿದ್ದೆವು ಎಂಬುದು ನಮ್ಮ ಪ್ರೀತಿಯ ಅಳತೆಯಲ್ಲ.

ಈಚೆಗೆ ನನ್ನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ‘ಟೀಚರ್, ನೀವು ತೋರಿಸಿಕೊಂಡದ್ದು ಯಾರ ಹತ್ತಿರ?’ ಎಂದು ಮೆಲ್ಲಗೆ ಕೇಳಿದರು. ನಾನು ಬುದ್ಧಿಮಾತು ಏನೂ ಹೇಳಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಸಾಲು ಉದ್ದ ಇರುತ್ತದೆ, ತಿಂಡಿ ಕಟ್ಟಿಕೊಳ್ಳಿ, ಹಳೆಯ ರಿಪೋರ್ಟುಗಳಿದ್ದರೆ ಮರೆಯಬೇಡಿ ಎಂದೆ. ಬೇಕಿದ್ದರೆ ಜೊತೆಗೆ ಬರುತ್ತೇನೆ, ಶನಿವಾರ ನನಗೆ ಮೊದಲೆರಡು ಪೀರಿಯಡ್ಡು ಬಿಡುವಿದೆ ಎಂದೂ ಹೇಳಿದೆ.